ಪರದೆಯ ಮೇಲಿನ ಮುಂಬಯಿ

ಶಹಾಪುರದ ಪೇಂಟರ್ ಲಿಂಗಣ್ಣ ಲಂಡನ್, ಪ್ಯಾರಿಸ್, ಮುಂಬಯಿ ಮೂರನ್ನೂ ಬರೆದಿದ್ದ. ಮೂರರಲ್ಲಿ ಒಂದನ್ನೂ ನೋಡಿರಲಿಲ್ಲ. ಅವನು ಕಂಡ ಅತಿ ದೊಡ್ಡ ಊರೆಂದರೆ ಯಾದಗಿರಿ, ಅದೂ ಹೆಚ್ಚಾಗಿ ರೈಲ್ವೆ ಸ್ಟೇಷನ್ನು. ದುಡಿಯಲು ಮುಂಬಯಿಗೆ ಹೊರಟ ಬಂಧುಬಳಗವನ್ನು ರೈಲು ಹತ್ತಿಸಲು ಹೋಗುತ್ತಿದ್ದ, ಕಿಟಕಿಯೊಳಗೆ ರೊಟ್ಟಿಯ ಗಂಟು ತುರುಕುತ್ತಿದ್ದ, ಕೊನೆಯ ಡಬ್ಬಿ ಕಣ್ಮರೆಯಾದ ಮೇಲೆ ಒಂದು ಚಹಾ ಕುಡಿದು ಶಹಾಪುರದ ಬಸ್ಸು ಹಿಡಿಯುತ್ತಿದ್ದ. ಕೈಯಲ್ಲಿ ಕೆಲಸ ಬಹಳ, ಹೋಗಲು ಪುರುಸೊತ್ತಿಲ್ಲ ಎನ್ನುತ್ತಿದ್ದ. ನಿಜ ಹೇಳಬೇಕೆಂದರೆ ಪರಊರಿನಲ್ಲಿ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

"ನೋಡದ ಊರನ್ನ ಹ್ಯಾಂಗ ಬರೀತಿಯೋ ಮಾರಾಯಾ?" ಎಂದು ಯಾರಾದರೂ ಕೆಣಕಿದರೆ, "ಸ್ವರ್ಗ ಬರಿಯಾವರು ಮೊದ್ಲ ಸತ್ತು ನೋಡಿ ಬರ್ತಾರೇನು?" ಎಂದು ತಿರುಗಿ ಕೇಳುತ್ತಿದ್ದ. ಕೆಣಕಿದವರೂ ಸ್ವರ್ಗ ನೋಡಿದವರಲ್ಲ.

ಈ ಊರುಗಳೆಲ್ಲ ನೇತಾಡುತ್ತಿದ್ದುದು ದಸ್ತಗೀರಸಾಬನ ಫೋಟೋ ಸ್ಟುಡಿಯೋದಲ್ಲಿ, ದಪ್ಪ ಬಟ್ಟೆಯ ಪರದೆಗಳ ಮೇಲೆ. ಊರ ಸುತ್ತಿನ ಹೊಸ ನೀರಾವರಿ ಕಾಲುವೆಗೆ ನೀರು ಬಂದು ನಾಲ್ಕು ವರ್ಷವಾಗಿತ್ತು. ಜೋಳದ ಹೊಲಗಳಲ್ಲಿ ಭತ್ತ ನಿಂತಿತ್ತು. ಎರಡು ಹೊತ್ತು ಅನ್ನ ಉಂಡ ಮನುಷ್ಯನಿಗೆ ಮೊದಲು ಕಾಣುವ ಕೊರತೆ ಎಂದರೆ ಗೋಡೆಯ ಮೇಲೆ ತನ್ನದೊಂದು ಫೋಟೋ ಇಲ್ಲದಿರುವುದು. ಸಂತೆಯ ದಿನ ವಡಗೇರಾ, ಕಕ್ಕೇರಾ ಕಡೆಯ ಜನ ಹೊಸ ಅಂಗಿ, ಹೊಸ ಸೀರೆ ತೊಟ್ಟು ಸಾಲುಗಟ್ಟುತ್ತಿದ್ದರು. ಹೊಸ ಜೋಡಿಗೆ ಪ್ಯಾರಿಸ್, ಹಿರಿಯರಿಗೆ ಲಂಡನ್, ಹರೆಯದ ಹುಡುಗರಿಗೆ ಮುಂಬಯಿ ಎಂದು ದಸ್ತಗೀರಸಾಬನೇ ಹಂಚಿಕೊಡುತ್ತಿದ್ದ.

ಲಿಂಗಣ್ಣ ಸುಮ್ಮಸುಮ್ಮನೆ ಏನನ್ನೂ ಬರೆಯುತ್ತಿರಲಿಲ್ಲ, ಎಲ್ಲದಕ್ಕೂ ಅವನದೊಂದು ಕಾರಣವಿತ್ತು. ಪ್ಯಾರಿಸ್ಸಿನ ಹಿಂದೆ ಶಹಾಪುರದ ಗುಡ್ಡ ಮಲಗಿತ್ತು, ಏಕೆಂದರೆ ಗುಡ್ಡವಿಲ್ಲದ ಊರಿಗೆ ಆಸರೆ ಯಾವುದು? ಲಂಡನ್ನಿನ ನಡುವೆ ಹೊಳೆ ಹರಿಯುತ್ತದೆಂದು ಅವನು ಕೇಳಿದ್ದ. ಅಷ್ಟು ಶ್ರೀಮಂತ ಊರಿನಲ್ಲಿ ಭೀಮಾ ನದಿಯ ಹಾಗೆ ಉಸುಕು ಹರಡಿಕೊಂಡಿರಲು ಸಾಧ್ಯವೇ ಎಂದು ಯೋಚಿಸಿ, ಸಿಮೆಂಟಿನ ದಂಡೆಯ ನೆಟ್ಟನೆಯ ಕಾಲುವೆ ಬರೆದ. ಕಾಲುವೆ ಎಂದ ಮೇಲೆ ಕಬ್ಬಿಣದ ಗೇಟು ಬೇಕು. ಗೇಟು ಎಂದ ಮೇಲೆ ಅದನ್ನು ಎತ್ತಿಳಿಸುವ ಆಳು ಬೇಕು. ಆ ಆಳು ರಾಣಿಯ ಅರಮನೆಯ ಎದುರು ಕೊಡೆ ಹಿಡಿದು ಬೀಡಿ ಸೇದುತ್ತ ಕುಳಿತಿದ್ದ.

ಇದರಿಂದಲೇ ಕುತ್ತು ಬಂದಿತು. ಕಾಲುವೆಯ ಕೆಲಸದ ಮೇಲೆ ಬೇರೆ ಊರಿನಿಂದ ಬಂದಿದ್ದ ಎಂಜಿನಿಯರೊಬ್ಬರು ಫೋಟೋ ತೆಗೆಸಲು ಬಂದವರು ಲಂಡನ್ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಲಂಡನ್ನು ಯಾವ ಕಾಲುವೆ ಕೆಳಗೆ ಬರುತ್ತಪ್ಪಾ?" ಎಂದು ಕೇಳಿದರು.

"ಕಾಲುವಿ ಕಡೀ ತುದಿ, ಟೇಲ್ ಎಂಡಿನ್ಯಾಗ ಅದರೀ ಸಾಹೇಬ್ರ," ಎಂದ ಲಿಂಗಣ್ಣ ನಗದೆ. "ನೀವು ಸರಿಯಾಗಿ ನೀರು ಬಿಟ್ರ ಮುಟ್ಟತದ."

ಸಾಲಿನಲ್ಲಿದ್ದ ರೈತರು ಕೇಕೆ ಹಾಕಿದರು. ಎಂಜಿನಿಯರರ ನಗು ನಿಂತಿತು. ಅವರು ಫೋಟೋ ತೆಗೆಸದೆಯೇ ಹೊರಟುಹೋದರು.

"ನನ್ನ ಇಜ್ಜತ್ ಹೋಯ್ತಲ್ಲೋ ಲಿಂಗಣ್ಣಾ," ಎಂದು ದಸ್ತಗೀರಸಾಬ ತಲೆಯ ಮೇಲೆ ಕೈ ಹೊತ್ತ. "ಹೈದರಾಬಾದಿನ್ಯಾಗ ಈಗ ಅಚ್ಚು ಹೊಡದ ಪರದಿ ಸಿಗತಾವಂತ. ಖರೇ ಊರು, ಖರೇ ಬಣ್ಣ. ತಂದುಬಿಡ್ತೀನಿ."

"ನನ್ನ ಪರದಿ?"

"ಒಂದು ಹೊಸಾದು ಬರಿ. ಹಳೇ ಮುಂಬಯಿ ಬಿಟ್ಟು ಬ್ಯಾರೆ ಮುಂಬಯಿ ಬರಿ. ಮುಂದಿನ ಸಂತಿ ದಿನ ಹಾಕೂಣು. ಒಬ್ಬ ಗಿರಾಕಿ ತಪ್ಪು ತಗದ್ರೂ ಎಲ್ಲಾ ಸುತ್ತಿ ಅಟ್ಟದ ಮ್ಯಾಲ ಒಗೀತೀನಿ, ಹೇಳಿರ್ತೀನಿ ನೋಡು."

ಪರದೆ ಹೋದರೆ ಲಿಂಗಣ್ಣನಿಗೆ ಉಳಿಯುವುದು ಟ್ರ್ಯಾಕ್ಟರಿನ ನಂಬರು ಬರೆಯುವ ಕೆಲಸ. ಊರುಗಳನ್ನೇ ಕಟ್ಟಿದ ಕೈ ಅದು. ಎಂಟು ದಿನ ಮನೆಯಲ್ಲಿ ಸರಿಯಾಗಿ ಉಣ್ಣದೆ ಮುಂಬಯಿ ಬರೆದ. ಆರು ಅಂತಸ್ತಿನ ಒಂದು ಕಟ್ಟಡ, ಅದರ ಬದಿಗೆ ನೀಲಿ ಸಮುದ್ರ, ಮೇಲೆ ಮೋಡ, ಮೋಡದ ಮೇಲೊಂದು ವಿಮಾನ. ವಿಮಾನದ ಕಿಟಕಿಗಳಲ್ಲಿ ಪ್ರಯಾಣಿಕರ ಮುಖಗಳನ್ನೂ ಬಿಡಲಿಲ್ಲ. ಒಬ್ಬನಿಗೆ ತನ್ನದೇ ಮೀಸೆ ಇಟ್ಟ.

ಸಂತೆಯ ದಿನ ಬೆಳಿಗ್ಗೆ ಮೊದಲ ಗಿರಾಕಿಯಾಗಿ ಬಂದವಳು ಬೋನಾಳದ ತಿಮ್ಮವ್ವ. ಆರು ವರ್ಷ ಮುಂಬಯಿಯಲ್ಲಿ ಇಟ್ಟಿಗೆ ಹೊತ್ತು, ಈಚೆಗೆ ನಾಟಿ ಕೆಲಸ ಊರಲ್ಲೇ ಸಿಗತೊಡಗಿದ ಮೇಲೆ ಮರಳಿದವಳು.

"ಮುಂಬಯಿದಾಗ ನಿಂದರಸಿ ಒಂದು ಫೋಟೋ ತಗೀರಿ," ಎಂದಳು. "ಅಲ್ಲಿದ್ದಾಗ ಒಂದೂ ತಗಸಲಿಲ್ಲ."

ದಸ್ತಗೀರಸಾಬ ಪರದೆ ಬಿಚ್ಚಿದ. ತಿಮ್ಮವ್ವ ನೋಡಿದಳು. ನಗಲಿಲ್ಲ. ನಕ್ಕಿದ್ದರೆ ಲಿಂಗಣ್ಣನ ಬಳಿ ಒಂದು ಉತ್ತರ ಸಿದ್ಧವಿತ್ತು.

"ಇದು ಮುಂಬಯಿ ಅಲ್ಲಣ್ಣಾ," ಎಂದಳು.

ದಸ್ತಗೀರಸಾಬ ಲಿಂಗಣ್ಣನ ಕಡೆ ತಿರುಗಿ ಹುಬ್ಬೇರಿಸಿದ. ಲಿಂಗಣ್ಣ ಪರದೆಯ ನೀಲಿಯತ್ತ ಬೆರಳು ತೋರಿಸಿ, "ಸಮುದ್ರ ಕಾಣಸಲಿಲ್ಲೇನ ತಂಗೀ?" ಎಂದ.

"ಸಮುದ್ರ ನಾ ನೋಡಿಲ್ಲ. ರಜಾ ದಿನ ಅರಿವಿ ಒಗಿಯೂದ ಆಗತಿತ್ತು. ನನಗ ಮುಂಬಯಿ ಅಂದ್ರ ನಾ ಇಟ್ಟಿಗಿ ಹೊತ್ತ ಒಂದ ಬಿಲ್ಡಿಂಗ್. ಅದಕ್ಕ ಹದಿನಾಲ್ಕು ಅಂತಸ್ತು."

"ಹದಿನಾಲ್ಕು?"

"ನನ್ನ ತಲಿಗೆ ಗೊತ್ತದ."

ಇಲ್ಲಿ ಲಿಂಗಣ್ಣ ಜಗಳಕ್ಕೆ ನಿಲ್ಲಬಹುದಿತ್ತು. ಅವನ ಸ್ವಭಾವ ಬಲ್ಲವರೆಲ್ಲ ಅದನ್ನೇ ನಿರೀಕ್ಷಿಸುತ್ತಿದ್ದರು. ಆದರೆ ಅದು ಪರದೆ ಅಟ್ಟ ಸೇರುವ ಗಳಿಗೆ. ಅವನು ದಸ್ತಗೀರಸಾಬನ ಕೈ ಹಿಡಿದು, "ಮಧ್ಯಾಹ್ನದ ತನಕ ತಡೀರಿ ಸಾಬ್ರ," ಎಂದು ಬೇಡಿಕೊಂಡ. ಬಣ್ಣದ ಡಬ್ಬಿ ತಂದು ಪರದೆಯ ಮುಂದೆ ಕುಳಿತ. ಜೀವನದಲ್ಲಿ ಮೊದಲ ಸಲ, ಊರು ಹೇಗಿದೆ ಎಂದು ಇನ್ನೊಬ್ಬರನ್ನು ಕೇಳಿದ.

ತಿಮ್ಮವ್ವ ಕೆಲಸ ಮಾಡಿಸುವುದನ್ನು ಯಾವ ಮೇಸ್ತ್ರಿಯಿಂದ ಕಲಿತಿದ್ದಳೋ. "ಏರಸಣ್ಣಾ, ಇನ್ನೊಂದು ಅಂತಸ್ತು ಏರಸು," ಎನ್ನುತ್ತಲೇ ಇದ್ದಳು. ಏಳನೆಯದಕ್ಕೆ ಮೋಡ ಹೋಯಿತು. ಒಂಬತ್ತನೆಯದಕ್ಕೆ ವಿಮಾನ ಹೋಯಿತು, ಮೀಸೆಯವನ ಸಮೇತ. ಎರಡೂ ಬದಿಯಲ್ಲಿ ಬಾಲ್ಕನಿ ಬೇಕೆಂದಾಗ ಸಮುದ್ರವೂ ಹೋಯಿತು. ಎರಡು ದಿನ ನೀಲಿ ಅರೆದು ಮಾಡಿದ ಅಲೆಗಳ ಮೇಲೆ ಗೋಡೆ ಎಬ್ಬಿಸುವಾಗ ಲಿಂಗಣ್ಣ ಒಂದೊಂದೇ ಅಲೆಯನ್ನು ಹಿಂದೆಮುಂದೆ ನೋಡಿ ಮುಚ್ಚಿದ. ನಾಲ್ಕನೆಯ ಅಂತಸ್ತಿನಲ್ಲಿ ಸರಳಿಗೆ ಸೀರೆ ಕಟ್ಟಿ ಕೂಸನ್ನು ತೂಗುತ್ತಿದ್ದುದನ್ನು, ಏಳರಲ್ಲಿ ಕಾಲು ಜಾರಿ ಇಟ್ಟಿಗೆಯ ಬುಟ್ಟಿ ಬಿಟ್ಟು ಬೈಸಿಕೊಂಡದ್ದನ್ನು ಅವಳು ಹೇಳುತ್ತ ಹೋದಳು. ಸಾಲಿನ ಜನ ಹತ್ತಿರ ಸರಿದು ಕೇಳಿದರು.

"ಸುಣ್ಣಬಣ್ಣ ಆದ ಮ್ಯಾಲ ಹ್ಯಾಂಗ ಕಾಣತಿತ್ತು?" ಎಂದು ಲಿಂಗಣ್ಣ ಕೇಳಿದ.

"ಪೂರಾ ನೋಡಿಲ್ಲಣ್ಣಾ," ಎಂದಳು ತಿಮ್ಮವ್ವ. "ನಾವು ಇದ್ದಾಗ ಸುತ್ತ ಬೊಂಬು, ಗೋಣಿತಟ್ಟು. ಮುಂದ ಬ್ಯಾರೆ ಕಡಿ ಕೆಲಸಕ್ಕ ಒಯ್ದರು. ಒಮ್ಮಿ ನೋಡಬೇಕಂತ ಹೋಗಿದ್ದೆ, ಗೇಟಿನ ಮುಂದ ನಿಂತು ಅಂತಸ್ತು ಎಣಸಾಕತ್ತಿದ್ದೆ. ವಾಚಮನ್ ಬಂದ. ಯಾರ ಮನಿಗೆ ಬಂದಿ ಅಂತ ಕೇಳಿದ. ಯಾರ ಮನಿಗೂ ಅಲ್ಲ ಅಂದೆ. ಹಂಗಾದ್ರ ನಡಿ ಅಂದ. ಒಂಬತ್ತರ ತನಕ ಎಣಸಿದ್ದೆ."

ಲಿಂಗಣ್ಣನಿಗೆ ನಾಚಿಕೆಯಾಯಿತು. ಅವನು ಮತ್ತೆ ಏನೂ ಕೇಳದೆ ಹಳದಿ ಬಣ್ಣ ಕಲಸಿ ಕೆಳಗಿನಿಂದ ಮೇಲಿನವರೆಗೆ ಒಂದೇ ಸಮನೆ ಬಳಿದ. ಹದಿನಾಲ್ಕನೆಯ ಅಂತಸ್ತು ಪರದೆಯ ತುದಿಯ ಕೋಲಿಗೆ ತಾಗಿತು.

ಬಣ್ಣ ಒಣಗುವಷ್ಟರಲ್ಲಿ ಬೋನಾಳದ ಕಡೆಯ ಬಸ್ಸೊಂದು ಹೋಗಿತ್ತು. ದಸ್ತಗೀರಸಾಬ ದೀಪ ಹಾಕಿ, ಕ್ಯಾಮೆರಾದ ಹಿಂದೆ ನಿಂತ. ತಿಮ್ಮವ್ವ ತಲೆಯ ಮೇಲೆ ಸೆರಗು ಹೊದ್ದು ಪರದೆಯ ಹತ್ತಿರ ಹೋದಳು. ಹೋದವಳು ಈ ಕಡೆ ತಿರುಗಲೇ ಇಲ್ಲ.

"ಮಾರಿ ಈ ಕಡಿ ಮಾಡವ್ವಾ," ಎಂದ ದಸ್ತಗೀರಸಾಬ.

"ತಡೀರಿ, ನೋಡಾಕತ್ತೀನಿ," ಎಂದಳು. ಬೆರಳೆತ್ತಿ ಕೆಳಗಿನಿಂದ ಎಣಿಸತೊಡಗಿದಳು.

ದಸ್ತಗೀರಸಾಬ ದೀಪ ಆರಿಸಲಿಲ್ಲ, ಅವಸರವನ್ನೂ ಮಾಡಲಿಲ್ಲ. ಲಿಂಗಣ್ಣನ ಕಿವಿಯ ಹತ್ತಿರ ಬಾಗಿ, "ಹೈದರಾಬಾದಿಗಿ ಹೋಗೂದಿಲ್ಲ ಬಿಡು," ಎಂದ. ಲಿಂಗಣ್ಣ ಅದನ್ನು ಕೇಳಿಸಿಕೊಂಡನೋ ಇಲ್ಲವೋ, ಅವನ ಕಣ್ಣೆಲ್ಲ ಆ ಬೆರಳಿನ ಮೇಲಿತ್ತು.

"ಎಂಟು... ಒಂಬತ್ತು," ಎಂದು ತಿಮ್ಮವ್ವನ ಬೆರಳು ನಿಂತಿತು. ಅವಳು ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು. ಯಾರೂ "ನಡಿ" ಅನ್ನಲಿಲ್ಲ.

"ಹತ್ತು," ಎಂದಳು.