ಡಾಟ್ ಸಿಎ ಯಾರದು?

ಗಿರಿನಗರದ ನಮ್ಮ ಮನೆಯ ಮಹಡಿಯಲ್ಲಿ ಕೆಲವು ವರ್ಷ ಕೆನಡಾದ ಹೆಂಗಸೊಬ್ಬರು ಬಾಡಿಗೆಗಿದ್ದರು. ಕನ್ನಡ ಕಲಿಯಲು ಬಂದವರು. ಬೆಳಗ್ಗೆ ಎದ್ದವರೇ ಕ್ಯಾಮೆರಾ ಹಿಡಿದು ಬನಶಂಕರಿ, ಜಯನಗರದ ಬೀದಿಗಳಲ್ಲಿ ಅಲೆದು ಮನೆಗಳ ಮುಂದಿನ ರಂಗೋಲಿಯ ಫೋಟೋ ತೆಗೆಯುತ್ತಿದ್ದರು. ಮಧ್ಯಾಹ್ನದೊಳಗೆ ಸ್ಕೂಟರು ಹಾದು ಅಳಿಸಿಹೋಗುವ ಚಿತ್ರಗಳು ಎಲ್ಲಾದರೂ ಉಳಿಯಲಿ ಎಂದು ಒಂದು ವೆಬ್‌ಸೈಟ್ ಮಾಡಿದ್ದರು. ಪ್ರತಿ ಚಿತ್ರದ ಕೆಳಗೆ ಅದರ ಹೆಸರು, ಹಬ್ಬ ಬರೆದುಕೊಡುವುದು ನನ್ನ ಕೆಲಸ. ಅವರು ಊರಿಗೆ ಮರಳಿದ ಮೇಲೆ ಫೋಟೋ ತೆಗೆಯುವುದೂ ನನ್ನದೇ ಆಯಿತು.

ಕಳೆದ ವರ್ಷ ಅವರು ವಿಡಿಯೋ ಕಾಲ್ ಮಾಡಿ, ಕಣ್ಣು ಮಂಜಾಗುತ್ತಿದೆ, ಸೈಟಿನ ಹೆಸರನ್ನು ನಿಮಗೇ ವರ್ಗಾಯಿಸಿಬಿಡುತ್ತೇನೆ ಎಂದರು. ಹೆಸರಿನ ಕೊನೆಯಲ್ಲಿ ಡಾಟ್ ಸಿಎ ಎಂದಿತ್ತು. ಅದು ಕೆನಡಾದ ಗುರುತು ಎಂದು ನನಗೆ ಗೊತ್ತೇ ಇರಲಿಲ್ಲ. ಚಾರ್ಟರ್ಡ್ ಅಕೌಂಟೆಂಟರಿಗೆ ಸಂಬಂಧಿಸಿದ್ದೇನೋ ಅಂದುಕೊಂಡಿದ್ದೆ.

ಜೆ.ಪಿ. ನಗರದಲ್ಲಿ ವೆಬ್‌ಸೈಟ್ ಮಾಡಿಕೊಡುವ ನನ್ನ ಕಾಲೇಜು ಗೆಳತಿಯ ಬಳಿ ಹೋದೆ. ಅವಳು ಡಾಟ್ ಸಿಎ ನಿಯಮಗಳನ್ನು ಓದಿ ನನ್ನ ಮುಖ ನೋಡಿದಳು.

"ಕೆನಡಾಗೂ ನಿಂಗೂ ಏನಾದ್ರೂ ಸಂಬಂಧ ಇದ್ಯಾ?"

"ಅವರು ಕೊಟ್ಟ ಸ್ವೆಟರ್ ಇದೆ," ಅಂದೆ.

ಅದು ಸಾಲದು. ಆ ದೇಶದ ಪ್ರಜೆಯಾಗಿರಬೇಕು, ಇಲ್ಲವೇ ಅಲ್ಲಿನ ಕಾಯಂ ನಿವಾಸಿ. ಅಲ್ಲಿ ನೋಂದಾಯಿಸಿದ ಕಂಪನಿಯಾದರೂ ನಡೆದೀತು. ಅರ್ಹರ ಪಟ್ಟಿಯಲ್ಲಿ ಸಾಕ್ಷಾತ್ ಬ್ರಿಟನ್ನಿನ ರಾಜರೂ ಇದ್ದರು, ಕೆನಡಾಕ್ಕೂ ಅವರೇ ರಾಜರಂತೆ. ರಾಜರಿಗೆ ರಂಗೋಲಿ ಸೈಟ್ ಬೇಕೇನೋ ಕೇಳೋಣ ಎಂದು ಗೆಳತಿ ನಕ್ಕಳು.

ನನಗೆ ಕುತೂಹಲ ಹತ್ತಿತು. ಬೇರೆ ದೇಶಗಳ ನಿಯಮ ಹುಡುಕುತ್ತಾ ಕೂತೆ. ಕೆಲವಕ್ಕೆ ತಮ್ಮ ನೆಲದ ವಿಳಾಸ ಬೇಕು, ಕೆಲವು ಯಾರು ಬಂದರೂ ಸೈ ಅನ್ನುತ್ತವೆ. ನಮ್ಮ ಡಾಟ್ ಇನ್ ಕೂಡ ಹಾಗೆಯೇ: ಭಾರತೀಯರೇ ಆಗಬೇಕಿಲ್ಲ, ನೀವು ಯಾರೆಂದು ದಾಖಲೆ ತೋರಿಸಿದರಾಯಿತು. ಅಂದರೆ ಅವರು ಮೊದಲೇ ಡಾಟ್ ಇನ್ ಪಡೆಯಬಹುದಿತ್ತು! ಯಾಕೆ ಪಡೆಯಲಿಲ್ಲ ಎಂದು ಕೆನಡಾಕ್ಕೆ ಫೋನ್ ಮಾಡಿ ಅವರನ್ನೇ ಕೇಳಿದೆ.

"ನಾನು ಎಲ್ಲಿಯವಳೋ ಅದನ್ನೇ ಹಾಕ್ಬೇಕು ಅಂದ್ಕೊಂಡಿದ್ದೆ," ಎಂದರು.

ಹೊಸ ಹೆಸರಿಗೆ ಹೋಗೋಣವೆಂದರೆ ಹಳೆಯದನ್ನು ಕೈಬಿಡಬೇಕು, ಆಮೇಲೆ ಅರ್ಹರಾದ ಯಾರು ಬೇಕಾದರೂ ಅದನ್ನು ಎತ್ತಿಕೊಳ್ಳಬಹುದು. ಅವರಿಗೆ ಅದು ಇಷ್ಟವಿರಲಿಲ್ಲ. ಕೆಲವು ದಿನ ಬಿಟ್ಟು ಅವರೇ ದಾರಿ ಕಂಡುಕೊಂಡರು. ಅವರ ದೇಶದ ಸಣ್ಣ ಊರೊಂದರ ನರ್ಸ್ ಒಬ್ಬರು ನಮ್ಮ ಸೈಟಿಗೆ ತಪ್ಪದೆ ಬರುತ್ತಿದ್ದರು, ಪ್ರಶ್ನೆ ಕೇಳಿ ಮೇಲ್ ಮಾಡುತ್ತಿದ್ದರು. ಬೆಂಗಳೂರನ್ನು ಕಂಡವರೇ ಅಲ್ಲ, ಆದರೆ ಕೆನಡಾದ ಪ್ರಜೆ. ಹೆಸರನ್ನು ಅವರಿಗೆ ವರ್ಗಾಯಿಸಿ, ಒಳಗಿನದನ್ನೆಲ್ಲ ನಾನು ನೋಡಿಕೊಳ್ಳುವುದೆಂದು ಮಾತಾಯಿತು. ನರ್ಸಮ್ಮ ಸಂತೋಷದಿಂದ ಒಪ್ಪಿದರು. ಇವರು ವರ್ಗಾವಣೆಗೆ ಬೇಕಾದ ಗುಪ್ತ ಕೋಡ್ ಕಳಿಸಿದರು, ಅವರು ಷರತ್ತುಗಳಿಗೆ ಸಮ್ಮತಿ ಕೊಟ್ಟರು, ಕೆಲಸ ಮುಗಿಯಿತು.

"ಮನೆ ಅವರ ಹೆಸರಲ್ಲಿ, ಅಡುಗೆಮನೆ ನಿಂದು," ಅಂದಳು ಗೆಳತಿ.

ಹೊಸ ಒಡತಿಯ ಮೊದಲ ಮೇಲ್ ಆ ವಾರವೇ ಬಂತು. ರಂಗೋಲಿ ಹಾಕಲು ಮೈದಾಹಿಟ್ಟಿನಿಂದ ಪ್ರಯತ್ನಿಸಿದೆ, ಗಂಟುಗಂಟಾಗಿ ಬೀಳುತ್ತದೆ, ನಿಮ್ಮಲ್ಲಿ ಅಷ್ಟು ಸಣ್ಣ ಗೆರೆ ಹೇಗೆ ಬರುತ್ತದೆ ಎಂದು ಕೇಳಿದ್ದರು. ನಾನು ಎಷ್ಟೋ ವರ್ಷದಿಂದ ಎಳೆಯುತ್ತಿರುವ ಗೆರೆ. ಹೇಗೆಂದು ಹೇಳಲು ಬರಲಿಲ್ಲ. ಮರುದಿನ ಬೆಳಗ್ಗೆ ಅವರಿಗೆ ಕಳಿಸಲು ವಿಡಿಯೋ ಆನ್ ಮಾಡಿ ಫೋನನ್ನು ಗೇಟಿಗೆ ಒರಗಿಸಿಟ್ಟು, ನನ್ನದೇ ಹೆಬ್ಬೆರಳು ತೋರುಬೆರಳನ್ನು ನೋಡುತ್ತಾ, ನಿಧಾನವಾಗಿ ಪುಡಿ ಬಿಟ್ಟೆ.