ಎಡೆದೊರೆಯಲ್ಲಿ ಮಂಡಕ್ಕಿ ಒಗ್ಗರಣೆ

ರಾಯಚೂರಿನವರು ಜಗಳ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ, ಅದೇ ಮನೆ ಬಾಗಿಲಿಗೆ ಬರುತ್ತದೆ. ನಮ್ಮೂರಿನ ಬಡಗಲಿಗೆ ಕೃಷ್ಣೆ, ತೆಂಕಲಿಗೆ ತುಂಗಭದ್ರೆ. ನಡುವೆ ಕಪ್ಪು ಮಣ್ಣಿನ ಹೊಲಗಳು, ಬಂಡೆಗುಡ್ಡ, ಗುಡ್ಡದ ಬುಡಕ್ಕೆ ಕೋಟೆ. ಯಾವ ಹೊಳೆ ದಾಟಿ ದಂಡು ಬಂದರೂ ಮೊದಲು ಕಣ್ಣಿಗೆ ಬೀಳುತ್ತಿದ್ದದ್ದು ನಾವೇ. ತೆಂಕಣದಿಂದ ವಿಜಯನಗರದವರು, ಬಡಗಣದಿಂದ ಬಹಮನಿಯವರು, ಅವರಾದ ಮೇಲೆ ಬಿಜಾಪುರದವರು. ಇವರು ಗೆದ್ದರೆ ಅವರಿಗೆ ನಿದ್ದೆಯಿಲ್ಲ, ಅವರು ಗೆದ್ದರೆ ಇವರಿಗೆ ಊಟ ಸೇರದು. ನಿಮಗೆ ಯಾರು ಬೇಕಪ್ಪಾ ಎಂದು ಊರಿನವರನ್ನು ಯಾರೂ ಕೇಳಿದಂತಿಲ್ಲ. ಕೋಟೆಯ ಗೋಡೆಯಲ್ಲಿ ಒಂದು ಭಾರೀ ಕಲ್ಲಿದೆ. ಅದನ್ನು ಕೋಣಗಳು ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಗೋಡೆಯಲ್ಲೇ ಕೆತ್ತಿದ್ದಾರೆ. ಚಿಕ್ಕವಳಿದ್ದಾಗ ಅದನ್ನು ನೋಡಿದಾಗಲೆಲ್ಲ ನನಗೆ ಆ ಕೋಣಗಳ ಮೇಲೆ ಕನಿಕರ ಹುಟ್ಟುತ್ತಿತ್ತು. ದೊರೆ ಯಾರಾದರೂ ಎಳೆಯುವವು ಅವೇ.

ಆ ಕೋಣಗಳು ಮತ್ತೆ ನೆನಪಾದದ್ದು ೨೦೧೭ರ ಮೇ ತಿಂಗಳಲ್ಲಿ, ಸಮುದ್ರದಾಚೆಯ ಪರದೇಶದಲ್ಲಿ, ಮೆಡೋವೇಲ್‌ನ ನಮ್ಮ ಟೌನ್‌ಹೌಸಿನಲ್ಲಿ.

ಅದರ ಅಡುಗೆಮನೆ ನನ್ನ ಸ್ವಂತದ ಮೊದಲ ಅಡುಗೆಮನೆ. ಅದಕ್ಕೂ ಮುಂಚೆ ವರ್ಷಗಟ್ಟಲೆ ಬೇರೆಯವರ ಬೇಸ್‌ಮೆಂಟಿನಲ್ಲಿದ್ದೆವು. ಒಗ್ಗರಣೆ ಹಾಕಿದರೆ ಸಾಕು, ಮೇಲಿನವರು ಕಾಲಿನಿಂದ ನೆಲ ಕುಟ್ಟುತ್ತಿದ್ದರು. ಹೊಸ ಮನೆಯಲ್ಲಿ ಮನಸಾರೆ ಸಾಸಿವೆ ಸಿಡಿಸತೊಡಗಿ ಹೆಚ್ಚು ದಿನವಾಗಿರಲಿಲ್ಲ, ಹೊಸಪೇಟೆಯಿಂದ ಅತ್ತೆ ಬಂದರು. ಬೆನ್ನಿಗೇ ನಮ್ಮವ್ವನೂ ಬಂದಳು. ಅವ್ವ ರಾಯಚೂರಿಗೆ ಸೊಸೆಯಾಗಿ ಬಂದವಳು, ಹುಟ್ಟಿ ಬೆಳೆದದ್ದು ಬಿಜಾಪುರ. ತವರಿನ ಮಾತು ಬಂದರೆ ಗೋಳಗುಮ್ಮಟವನ್ನು ಅವಳ ಅಪ್ಪನೇ ಕಟ್ಟಿಸಿದ ಹಾಗೆ ಮಾತಾಡುತ್ತಾಳೆ. ಅತ್ತೆಯೇನೂ ಕಡಿಮೆಯಿಲ್ಲ, ಹಂಪಿ ಅವರ ಹಿತ್ತಲು.

ಅತ್ತೆ ಊಟದ ಮೇಜಿನ ಕಡೆ ಠಿಕಾಣಿ ಹೂಡಿದರು, ಅವ್ವ ಹಾಲಿನ ಸೋಫಾದಲ್ಲಿ. ನಡುವೆ ಎರಡೂ ಕಡೆಗೆ ತೆರೆದುಕೊಂಡ ಅಡುಗೆಮನೆ. ಇಬ್ಬರೂ ಒಳ್ಳೆಯವರು, ಕಷ್ಟ ಇದ್ದದ್ದೇ ಅಲ್ಲಿ. “ದಣದು ಬಂದೀದಿ, ಕೂಡು” ಎಂದು ಅವ್ವ ನನ್ನ ಕೈಯಿಂದ ಸೌಟು ಕಸಿದುಕೊಳ್ಳುತ್ತಿದ್ದಳು. “ನೀವೂ ಕೂಡ್ರಿ ಬೀಗ್ತೇರ” ಎಂದು ಅತ್ತೆ ಅವಳ ಕೈಯಿಂದ ಕಸಿದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಾಳಗ ನಡೆದದ್ದು ಮಂಡಕ್ಕಿ ಒಗ್ಗರಣೆಯ ಹುಳಿಯ ಮೇಲೆ.

“ಹುಣಶಿಹುಳಿ ಹಾಕಿದ್ರ ಚುರಮುರಿ ಮುದ್ದಿ ಆಗ್ತಾವ್ರೀ. ಲಿಂಬಿಹಣ್ಣ ಹಿಂಡಬೇಕ” ಅನ್ನುವಳು ಅವ್ವ.

“ಲಿಂಬೆಹಣ್ಣು ಹಿಂಡೋದು ಜ್ವರ ಬಂದೋರಿಗೆ. ಮಂಡಕ್ಕಿಗೆ ಹುಣಸೆಹುಳೀನೇ ಸೈ” ಅನ್ನುವರು ಅತ್ತೆ.

ಒಂದು ವಾರ ಹುಣಸೆ, ಇನ್ನೊಂದು ವಾರ ಲಿಂಬೆ. ನಾನು ತಟ್ಟೆ ತೊಳೆಯುವ ಕೋಣ. ಗಂಡನಿಗೆ ಹೇಳಿದರೆ “ಖುಷಿಯಾಗಿದ್ದಾರಲ್ಲ, ಬಿಡು” ಎಂದು ಗ್ಯಾರೇಜಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಒಂದು ಹಳೇ ಸೈಕಲ್ ಬಿಟ್ಟರೆ ಏನೂ ಇರಲಿಲ್ಲ. ನಗುವಂಥ ಮಾತೇ, ಆದರೆ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ನನ್ನ ಒಲೆಯ ಮೇಲೆ ನನಗೆ ಬೇಕಾದ ಹಾಗೆ ಒಂದು ಸಲವಾದರೂ ಮಾಡಿ ತಿನ್ನಬೇಕು, ಇಷ್ಟೇ ನನ್ನ ಆಸೆ.

ದಾರಿ ತೋರಿಸಿದ್ದು ಮಗಳ ಸ್ಕೂಲು. ಹಿಂದಿನ ಸಾಮ್ರಾಜ್ಯಗಳ ಕಾಲದ ಗಡಿ ಊರೊಂದರ ನಕ್ಷೆ ಬರೆದು ತರಬೇಕಂತೆ. ಅವಳು ನಮ್ಮೂರನ್ನೇ ಆರಿಸಿಕೊಂಡಿದ್ದಳು. ಭಾನುವಾರ ಹಾಲಿನ ಕಾರ್ಪೆಟ್ ಮೇಲೆ ದಪ್ಪ ಹಾಳೆ ಹಾಸಿ, ಎರಡು ಹೊಳೆಗಳಿಗೆ ನೀಲಿ ಬಳಿದು, “ಅಮ್ಮಾ, ರಾಯಚೂರಿಗೆ ಯಾವ ಕಲರು? Whose was it?” ಅಂದಳು.

ನನಗೆ ಉತ್ತರ ಗೊತ್ತಿತ್ತು. ಅವರದಾಯಿತು, ಇವರದಾಯಿತು, ಆಮೇಲೆ ಮೊಗಲರದು, ನಿಜಾಮರದು ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬಹುದಿತ್ತು. ಅದರ ಬದಲು, “ನಿನ್ನ ಅಜ್ಜಿಯರನ್ನ ಕೇಳು. ಇಬ್ಬರನ್ನೂ ಒಟ್ಟಿಗೇ ಕೇಳು” ಅಂದೆ.

ಅತ್ತೆ ವಿಜಯನಗರಕ್ಕೆಂದು ಹಳದಿ ಪೆನ್ಸಿಲ್ ಹಿಡಿದು ಕೂತರು, ಅವ್ವ ಬಿಜಾಪುರಕ್ಕೆಂದು ಹಸಿರು ಹಿಡಿದಳು. ಒಲೆಯ ಹತ್ತಿರ ಒಂದು ನರಪಿಳ್ಳೆಯೂ ಉಳಿಯಲಿಲ್ಲ. ನಾನು ಮೆಲ್ಲಗೆ ಕಡಾಯಿ ಇಟ್ಟೆ.

ಮಗಳು ಟ್ಯಾಬ್ಲೆಟ್ಟಿನಲ್ಲಿ ಏನೋ ಹುಡುಕಿ, ಆ ನಾಡಿಗೆ ಹಿಂದೆ ಎಡೆದೊರೆ ಅಂತ ಹೆಸರಿತ್ತಂತೆ, ಹಾಗಂದರೇನು ಅಂತ ಕೇಳಿದಳು.

“ಇಬ್ಬರು ದೊರಿಗಳ ನಡುವ ಸಿಕ್ಕೊಂಡಿದ್ದು” ಅಂದಳು ಅವ್ವ.

“ಅಲ್ರೀ, ಎಡೆ ಅಂದ್ರೆ ದೇವರಿಗೆ ಹಿಡಿಯೋ ಎಡೆ. ನಮ್ಮ ಹಂಪಿ ವಿರೂಪಾಕ್ಷನಿಗೆ ಎಡೆ ಕಳಿಸ್ತಿದ್ದ ದೊರೆ” ಅಂದರು ಅತ್ತೆ.

ಇಬ್ಬರದೂ ತಪ್ಪು. ಅದು ದೊರೆಯಲ್ಲ, ತೊರೆ. ಎರಡು ತೊರೆಗಳ ಎಡೆಯ ನಾಡು, ಎಡೆದೊರೆ. ಬಿ.ಎ. ಹಿಸ್ಟರಿಯಲ್ಲಿ ನಾನು ನೆಟ್ಟಗೆ ಓದಿದ್ದು ಇದೊಂದೇ. ಆದರೆ ತಿದ್ದಿದರೆ ಜಗಳ ಅಲ್ಲಿಗೇ ನಿಲ್ಲುತ್ತಿತ್ತು, ನನ್ನ ಈರುಳ್ಳಿ ಇನ್ನೂ ಬಾಡಿರಲಿಲ್ಲ. ಹಸಿಮೆಣಸಿನಕಾಯಿ ಹೆಚ್ಚುತ್ತ ಹೋದೆ.

ಹುಳಿಯ ಸರದಿ ಬಂದಾಗ ಕೈ ತಡೆಯಿತು. ಹುಣಸೆ ಹಾಕಿದರೆ ಅತ್ತೆಯದು, ಲಿಂಬೆ ಹಿಂಡಿದರೆ ಅವ್ವನದು. ಫ್ರೀಜರ್ ತೆಗೆದು ನೋಡಿದೆ. ಕ್ರಿಸ್‌ಮಸ್‌ಗೆ ತಂದು ಮರೆತಿದ್ದ ಕ್ರ್ಯಾನ್‌ಬೆರಿಯ ಪೊಟ್ಟಣ ಕಂಡಿತು. ಬಾಯಿಗಿಟ್ಟರೆ ಕಣ್ಣು ಮುಚ್ಚಿಹೋಗುವಷ್ಟು ಹುಳಿ ಹಣ್ಣು. ಒಂದು ಹಿಡಿ ಎಣ್ಣೆಗೆ ಹಾಕಿದೆ. ಚಟಪಟ ಒಡೆದವು. ನೆನೆಸಿ ಹಿಂಡಿದ ಮಂಡಕ್ಕಿ ಸುರಿದು, ಹುರಿಗಡಲೆಯ ಪುಟಾಣಿ ಹಿಟ್ಟು ಉದುರಿಸಿ ಕಲಸಿದೆ. ಎಲ್ಲ ಗುಲಾಬಿ ಬಣ್ಣಕ್ಕೆ ತಿರುಗಿತು. ನೋಡಲು ಚೆನ್ನಾಗೇನೂ ಇರಲಿಲ್ಲ.

ತಟ್ಟೆ ಹಿಡಿದು ಹಾಲಿಗೆ ಹೋದರೆ ಹಳದಿ ಮೇಲೆ ಹಸಿರು, ಹಸಿರಿನ ಮೇಲೆ ಹಳದಿ ತಿಕ್ಕಿ ತಿಕ್ಕಿ ನಕ್ಷೆಯಲ್ಲಿ ರಾಯಚೂರು ತೂತು ಬೀಳುವುದರಲ್ಲಿತ್ತು. ಮಗಳು ಕೈಚೆಲ್ಲಿ ಕೂತಿದ್ದಳು. ಅತ್ತೆ ಒಂದು ಚಮಚ ಬಾಯಿಗಿಟ್ಟು, ಕೆಂಪು ಹಣ್ಣೊಂದನ್ನು ತಟ್ಟೆಯ ಅಂಚಿಗೆ ಸರಿಸಿದರು.

“ಇದೇನಮ್ಮಾ ಇದು? ನಮ್ಮ ಕಡೆ ಹಿಂಗ ಮಾಡಂಗಿಲ್ಲ.”

“ನಮ್ಮ ಕಡೆನೂ ಮಾಡಂಗಿಲ್ರೀ” ಅಂದಳು ಅವ್ವ, ಗಾಬರಿಯಿಂದ. “ನಾ ಅಂತೂ ಇದನ್ನ ಕಲಿಸಿಲ್ಲ.”

“ನಾನೂ ಕಲಿಸಿಲ್ಲ ಬಿಡ್ರಿ.”

ಬಂದಾಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ನನಗೆ ಬೇಜಾರಾಗಬೇಕಿತ್ತು. ಬದಲಿಗೆ ನಗು ಉಕ್ಕಿ ಬಂತು, ಕಣ್ಣಲ್ಲಿ ನೀರೂ ಬಂತು. ಅವರೂ ನಮ್ಮದಲ್ಲ ಅಂದರು, ಇವರೂ ನಮ್ಮದಲ್ಲ ಅಂದರು. ಹಾಗಿದ್ದರೆ ಉಳಿದದ್ದು ಯಾರದು? ನಾನು ಅಡುಗೆಮನೆಗೆ ಹೋಗಿ, ಕಡಾಯಿಯಲ್ಲಿದ್ದದ್ದನ್ನೆಲ್ಲ ತಟ್ಟೆಗೆ ಸುರಿದುಕೊಂಡು, ನನ್ನ ಒಲೆಗೆ ಬೆನ್ನು ಕೊಟ್ಟು ನಿಂತು, ಯಾರಿಗೂ ಒಂದು ಕಾಳನ್ನೂ ಕೊಡದೆ ತಿಂದೆ.