ಮಾಗಡಿಯಾಚೆ ಕೇಳಿದ ‘ಬ್ಯಾಡ’

ಬಿಡದಿಯಲ್ಲಿ ಎರಡು ತಟ್ಟೆ ಇಡ್ಲಿ ತಿಂದು ಎಂಟೂವರೆಯ ಮಾಗಡಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ ಪುಕ್ಕಟೆ, ಸೀಟು ಮಾತ್ರ ಸಿಗಲಿಲ್ಲ. ಹರೆಯದ ಹುಡುಗಿಯರ ಮುಟ್ಟು, ಮೈಯ ಆರೋಗ್ಯ ಕುರಿತ ಅಧ್ಯಯನದ ಕೆಲಸ ನನ್ನದು. ತಾಯಿಯದೊಂದು ಸಹಿ, ಮಗಳದೊಂದು ಸಹಿ, ಎರಡೂ ಇದ್ದರೇ ಪ್ರಶ್ನೆ ಕೇಳಬೇಕೆಂಬುದು ನಿಯಮ. ಹಳ್ಳಿಯಲ್ಲಿ ಇದು ಹೇಗೆ ನಡೆಯುತ್ತದೋ ನೋಡುವ ಕುತೂಹಲ.

ಮಾಗಡಿಯಿಂದ ಆಟೊದಲ್ಲಿ ಆರು ಕಿಲೋಮೀಟರು. ಹಳ್ಳಿಯ ಹೆಸರು ಹೇಳುವುದಿಲ್ಲ. ಮಹಿಳಾ ಸಂಘದ ಅಧ್ಯಕ್ಷೆ ಜಯಮ್ಮ, ನಾವು ಮೊದಲೇ ಕಳಿಸಿದ್ದ ಒಪ್ಪಿಗೆ ಪತ್ರಗಳನ್ನು ಕೈಗಿತ್ತರು.

“ಎಲ್ಲಾ ಆಗೈತೆ ಮೇಡಂ. ಮೊನ್ನೆ ಸಂಘದ ಮೀಟಿಂಗ್‌ನಲ್ಲೇ ಹಾಕ್ಸ್‌ಬುಟ್ಟೆ. ಮಕ್ಕಳದ್ನೂ ಅವ್ವಂದಿರೇ ಹಾಕವ್ರೆ.”

ತಾಯಿಯ ಸಹಿ, ಮಗಳ ಸಹಿ, ಒಂದೇ ಕೈಬರಹ! ನಗು ಬಂತು. ಅವು ನಡೆಯುವುದಿಲ್ಲವೆಂದು ಹೇಳಿ ಹೊಸ ಪತ್ರ ತೆಗೆದೆ. ಜಯಮ್ಮ ಮುಖ ಊದಿಸಿಕೊಂಡೇ ಮೊದಲನೆಯ ಮನೆಗೆ ಕರೆದೊಯ್ದರು.

ಅಲ್ಲಿ ಹತ್ತನೇ ತರಗತಿಯ ಹುಡುಗಿ. ಪುಟ್ಟಿ ಎನ್ನೋಣ, ನಿಜವಾದ ಹೆಸರಲ್ಲ. ತಾಯಿ ಕಾಫಿ ಕೊಟ್ಟು, ಪಕ್ಕದಲ್ಲೇ ಅವರೆಕಾಯಿ ಬಿಡಿಸುತ್ತ ಕೂತರು. ಪತ್ರ ಓದಿ ಹೇಳಿ, “ಇಷ್ಟವಿದ್ದರೆ ಮಾತ್ರ” ಎಂದೆ. ಪುಟ್ಟಿ ತಲೆ ಎತ್ತಲಿಲ್ಲ.

“ಸುಮ್ಕವ್ಳೆ ಅಂದ್ರೆ ಒಪ್ಪವ್ಳೆ ಅಂತ. ಬರ್ಕಳಿ ಮೇಡಂ,” ಎಂದರು ತಾಯಿ.

ಹೆಣ್ಣು ನೋಡಲು ಬಂದವರ ಮುಂದೆಯೂ ಇದೇ ಲೆಕ್ಕವಲ್ಲವೇ ಎಂದು ನನಗೆ ಸಿಟ್ಟು ಬಂತು. ಪೆನ್ನು ಮುಟ್ಟದೆ ಕಾದೆ. ಕಾಫಿ ಆರಿಹೋಯಿತು.

“ಬ್ಯಾಡ,” ಎಂದಳು ಪುಟ್ಟಿ ಕೊನೆಗೆ.

“ಏನೇ, ಮನೆಗ್ ಬಂದೋರ್ಗೆ ಬ್ಯಾಡ ಅಂತೀಯಾ?” ತಾಯಿ ರೇಗಿದರು.

“ಬೈಬೇಡಿ ಅಮ್ಮ, ಅವಳಿಷ್ಟ,” ಎಂದು ಪತ್ರ ಖಾಲಿಯಾಗಿಯೇ ಮಡಿಸಿದೆ. ಅಷ್ಟು ದೂರ ಬಂದ ನನಗೂ ಬೇಸರವಾಯಿತು, ಸುಳ್ಳೇಕೆ. ಉಳಿದ ಮನೆಗಳಲ್ಲಿ ನಾಲ್ವರು ಹುಡುಗಿಯರು ತಾವೇ ಸಹಿ ಹಾಕಿ ಮಾತಾಡಿದರು.

ನಾಲ್ಕರ ಬಸ್ಸಿಗೆ ರಸ್ತೆಯಲ್ಲಿ ನಿಂತಿದ್ದಾಗ ಪುಟ್ಟಿ ಓಡಿಬಂದಳು.

“ಅಕ್ಕ, ಬ್ಯಾಡ ಅಂದ್ರೆ ನಿಜವಾಗ್ಲೂ ಬುಟ್‌ಬುಡ್ತೀರಾ?”

“ಬಿಟ್ಟೆನಲ್ಲಾ.”

“ಅಂಗಾರೆ ಒಂದ್ ಕೇಳ್ಲಾ? ಬರ್ಕಬ್ಯಾಡಿ. ಯಾರ್ಗೂ ಯೋಳ್ಬ್ಯಾಡಿ.”

ಅಷ್ಟರಲ್ಲಿ ಬಸ್ಸು ಬಂತು. ಹೋಗಿ ಎಂದು ಡ್ರೈವರಿಗೆ ಕೈಬೀಸಿದೆ. ಪುಟ್ಟಿ ತನ್ನ ಪ್ರಶ್ನೆ ಕೇಳಿದಳು. ತಿಳಿದಷ್ಟು ಹೇಳಿದೆ, ಯಾರನ್ನು ಕಾಣಬೇಕೆಂದೂ ಹೇಳಿದೆ. ದಿನವಿಡೀ ಬರೆದುಕೊಂಡ ಉತ್ತರಗಳಿಗಿಂತ ಆ ಒಂದು ಪ್ರಶ್ನೆ ತೂಕದ್ದಾಗಿತ್ತು. ಮುಂದಿನ ಬಸ್ಸು ಬರುವವರೆಗೂ ಮಾತಾಡಿದೆವು.

ಬಿಡದಿ ಹತ್ತಿರವಾದಾಗ ಆಫೀಸಿನಿಂದ ಫೋನು, ಒಂದೊಂದೇ ಮನೆಯ ವರದಿ ಕೇಳಿದರು. “ಮೊದಲನೇ ಮನೆಯಲ್ಲಿ ಏನು ಸಿಕ್ಕಿತು?”

“ಹುಡುಗಿ ಒಪ್ಪಲಿಲ್ಲ,” ಎಂದೆ. ಓದುವ ನಿಮಗೂ ಅಷ್ಟೇ ಹೇಳಬಲ್ಲೆ.